ಬಿಟ್ಟ ಸ್ಥಳ ತುಂಬಿರಿ

ಬೇಗೂರಿನ ಶಾಲೆಗೆ ನನ್ನನ್ನು ಹಾಕಿದ ವರ್ಷ
ಮಾರ್ಕೆಟ್ಟಿನಿಂದ ಬೆಳಗ್ಗೆ ಒಂದೇ ಬಸ್ಸು.
ತಪ್ಪಿದರೆ ಬೊಮ್ಮನಹಳ್ಳಿಯಿಂದ ನಡಿಗೆ,
ಎರಡೂ ಕಡೆ ರಾಗಿ ಹೊಲ,
ಬ್ಯಾಗಿನಲ್ಲಿ ಸೀಮೆಸುಣ್ಣ, ಕೈಯಲ್ಲಿ ಕಿತ್ತ ಚಪ್ಪಲಿ.
ಐದನೇ ಕ್ಲಾಸಿಗೆ ಎಲ್ಲ ಪಾಠವೂ ನಾನೇ.

ಜಿಲ್ಲೆಗಳು ಹತ್ತೊಂಬತ್ತು ಅಂದೆ.
ಗ್ರಹಗಳು ಒಂಬತ್ತು ಅಂದೆ.
ನಾಲಿಗೆಯ ತುದಿಗೆ ಸಿಹಿ, ಬುಡಕ್ಕೆ ಕಹಿ,
ಚಿತ್ರ ಬರೆಸಿ ಬಣ್ಣ ಹಚ್ಚಿಸಿದೆ.
ಬೇವಿನೆಲೆ ತುದಿಯಲ್ಲಿಟ್ಟರೂ ಕಹಿಯೇ ಎಂದು
ಪ್ರತಿ ಯುಗಾದಿಗೂ ನನಗೆ ತಿಳಿಯುತ್ತಿತ್ತು.
ಪುಸ್ತಕಕ್ಕೆ ಎದುರಾಡುವಷ್ಟು ಸಂಬಳ ಇರಲಿಲ್ಲ.

"ಪ್ರಸಿದ್ಧ ಇತಿಹಾಸಕಾರರ ಅಭಿಪ್ರಾಯದಂತೆ",
ಹೀಗೆ ಶುರುವಾಗುತ್ತಿತ್ತು ನಮ್ಮ ಊರಿನ ಪಾಠ.
ಯಾರವರು? ಎಲ್ಲಿಯವರು? ಪೇಟ ಕಟ್ಟುತ್ತಿದ್ದರೋ, ಟೋಪಿಯೋ?
ಮಕ್ಕಳು ಕೇಳಲಿಲ್ಲ, ನಾನೂ ಕೇಳಲಿಲ್ಲ.
ಬೇಟೆಗೆ ಬಂದ ದೊರೆ ಕಾಡಲ್ಲಿ ದಾರಿ ತಪ್ಪಿದ,
ಗುಡಿಸಲ ಮುದುಕಿ ಬೆಂದ ಕಾಳು ಕೊಟ್ಟಳು,
ಅದಕ್ಕೇ ಬೆಂದಕಾಳೂರು.
ಮುದುಕಿಯ ಹಾಗೆ ಬಗ್ಗಿ, ಬೊಗಸೆ ಚಾಚಿ
ನಾನು ಅಭಿನಯಿಸುತ್ತಿದ್ದೆ.
ಕ್ಲಾಸಿಗೆ ಕ್ಲಾಸೇ ಹಸಿದು ಕೂರುತ್ತಿತ್ತು.

ಪಿಳ್ಳಮ್ಮ ಎದ್ದು ನಿಂತಳು, ಕೊನೇ ಸಾಲು:
"ಇಲ್ಲ ಮಿಸ್, ನಮ್ಮೂರ ಗುಡಿ ಕಲ್ಲಾಗೆ
ಬೆಂಗ್ಳೂರು ಅಂತ ಆವಾಗ್ಲೇ ಕೊರ್ದವ್ರಂತೆ.
ನಮ್ ತಾತ ಹೇಳ್ತು."
ತಾತನಿಗೆ ಓದಲು ಬರುತ್ತಾ, ಅಂದೆ.
ಬರಲ್ಲ, ಅಂದಳು.
ಕ್ಲಾಸು ನಕ್ಕಿತು. ನಾನು ಸುಮ್ಮನಿರಿಸಲಿಲ್ಲ.

ಅರ್ಧ ವಾರ್ಷಿಕ ಪರೀಕ್ಷೆ. ಬಿಟ್ಟ ಸ್ಥಳ ತುಂಬಿರಿ:
ಬೆಂಗಳೂರಿಗೆ ಆ ಹೆಸರು ಬಂದದ್ದು ಡ್ಯಾಶ್‌ನಿಂದ.
ಅವಳು ಬರೆದಳು: ಗೊತ್ತಿಲ್ಲ, ಕಲ್ಲಿಗಿಂತ ಮುಂಚೆ.
ಕೆಂಪು ಶಾಯಿಯಲ್ಲಿ ನಾನೊಂದು ಸೊನ್ನೆ ಹಾಕಿದೆ,
ಗುಂಡಗೆ,
ಬೆಂದ ಕಾಳಿನ ಹಾಗೆ.

ಶಾಲೆಯ ಹಿಂದಿನ ಬೀದಿಗೇ ಇತ್ತು ಆ ಕಲ್ಲು.
ನಾಲ್ಕು ವರ್ಷ ಅಲ್ಲಿದ್ದೆ.
ಸಂಜೆ ಬಸ್ಸಿಗೆ ಓಡುವ ಅವಸರ.

ಯಾವ ಕಾಲದಲ್ಲೋ ಯಾರೋ ಅದನ್ನು ನಕಲು ಮಾಡಿ
ದಪ್ಪ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದರಂತೆ.
ಆ ಪುಸ್ತಕ ಬೇಗೂರಿಗೆ ಬರಲಿಲ್ಲ,
ಬೇಗೂರು ಆ ಪುಸ್ತಕಕ್ಕೆ ಹೋಗಿತ್ತು.
ದೊರೆ ದಾರಿ ತಪ್ಪುವ ಮುನ್ನೂರು ವರ್ಷ ಮೊದಲೇ
ಇಲ್ಲೊಂದು ಬೆಂಗಳೂರು, ಅಲ್ಲೊಂದು ಕಾಳೆಗ,
ಅದರಲ್ಲಿ ಸತ್ತ ಮಗನೊಬ್ಬನ ಹೆಸರು.

ಹೋದ ಭಾನುವಾರ ಹೋಗಿದ್ದೆ, ಪಿಂಚಣಿಯವಳು,
ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು.
ರಾಗಿ ಹೊಲದಲ್ಲಿ ಹದಿನಾಲ್ಕು ಮಹಡಿ.
ಟೀ ಅಂಗಡಿಯವನನ್ನು ಕೇಳಿದೆ, ಪಿಳ್ಳಮ್ಮನ ಮನೆ?
ಯಾವ ಪಿಳ್ಳಮ್ಮ, ಅಂದ. ಒಬ್ಬರು ತೀರಿಕೊಂಡರು,
ಒಬ್ಬರು ಜಮೀನು ಮಾರಿ ಆನೇಕಲ್ ಕಡೆ ಹೋದರು,
ಇನ್ನೊಬ್ಬಳು ನನ್ನ ಮಗಳು, ಎರಡು ವರ್ಷ.
ಟೀ ಕುಡಿದೆ. ಸಕ್ಕರೆ ಜಾಸ್ತಿ,
ನಾಲಿಗೆಗೆ ಎಲ್ಲ ಕಡೆಯೂ ಸಿಹಿ.

ನಿಜ ಹೇಳಬೇಕೆಂದರೆ
ಆ ಮುದುಕಿಯನ್ನು ಬಿಡಲು ನನಗೆ ಮನಸ್ಸಿಲ್ಲ.
ಕಲ್ಲು ಹೇಳುವುದು ಕೊಂದ ಕಥೆ,
ಕಟ್ಟುಕಥೆ ಹೇಳುವುದು ಉಣಬಡಿಸಿದ ಕಥೆ.
ಆದರೆ ಹಾಗಂತ ಸೊನ್ನೆ ಹಾಕಬೇಕಿತ್ತೇ?
ಒಂದು ಅಂಕ ನನ್ನ ಬಳಿ ಉಳಿದಿದೆ.
ಏರಿಸಲು ರಿಜಿಸ್ಟರಿಲ್ಲ.

ಕಲ್ಲಿನ ಮುಂದೆ ನಿಂತಿದ್ದೆ. ಕುದುರೆ, ಆನೆ, ಬಿಲ್ಲು,
ಮೇಲೆ ಸಾಲು ಸಾಲು ಅಕ್ಷರ, ಇರುವೆ ಹರಿದ ಹಾಗೆ.
ಕ್ರಿಕೆಟ್ ಬ್ಯಾಟು ಹಿಡಿದ ಹುಡುಗನೊಬ್ಬ ಬಂದು
"ಅಜ್ಜಿ, ಇದ್ರಲ್ಲಿ ಏನು ಬರ್ದದೆ?" ಅಂದ.
ಮೂವತ್ತೊಂದು ವರ್ಷ ಇತಿಹಾಸ ಹೇಳಿದವಳು
ಕನ್ನಡಕ ಒರೆಸಿ, ಮತ್ತೆ ಹಾಕಿ, ಬಗ್ಗಿ ನೋಡಿದೆ.
ಕನ್ನಡವೇ. ನನಗೆ ಓದಲು ಬರುವುದಿಲ್ಲ.

ಗೊತ್ತಿಲ್ಲ ಮಗಾ, ಅಂದೆ.
ಅವನು ನಂಬಲಿಲ್ಲ.